ತೆರೆಯ ಮೂಲೆಗೆ ಸರಿದ ಹೆಸರುಗಳು

ಧಾರಾವಾಹಿಯ ಕಂತು ಮುಗಿದು, ಅದಕ್ಕಾಗಿ ದುಡಿದವರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಸರಿಯತೊಡಗುವ ಹೊತ್ತಿಗೆ ಇಡೀ ಚಿತ್ರ ಕುಗ್ಗಿ ತೆರೆಯ ಒಂದು ಮೂಲೆ ಸೇರುತ್ತದೆ. ತೆರವಾದ ಜಾಗದಲ್ಲಿ ಮುಂದಿನ ಕಾರ್ಯಕ್ರಮದ ಪ್ರೋಮೊ ಬರುತ್ತದೆ. ಕೇಳುವ ಧ್ವನಿಯೂ ಅದರದೇ. ಹೆಸರುಗಳು ಓಡುತ್ತಲೇ ಇರುತ್ತವೆ, ಓದಲು ಮಾತ್ರ ಆಗುವುದಿಲ್ಲ. ಈ ಪದ್ಧತಿ ಬೇರೂರಿದ್ದು ಉಪಗ್ರಹ ವಾಹಿನಿಗಳ ಪೈಪೋಟಿಯ ಕಾಲದಲ್ಲಿ. ಒಂದು ಆಟ ಮುಗಿಯುವ ಮೊದಲೇ ಮುಂದಿನ ಆಟಕ್ಕೆ ಜನರನ್ನು ಕರೆಯುವ ರೂಢಿ ಅದಕ್ಕಿಂತ ಬಹಳ ಹಳೆಯದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸೀಮೆಯಲ್ಲಿ ಈ ಚರಿತ್ರೆಗೆ ಇನ್ನೊಂದು ಮುಖವೂ ಇದೆ. ಇಲ್ಲಿನ ಪ್ರೇಕ್ಷಕರು ಎರಡು ಮೂರು ಭಾಷೆ ಬಲ್ಲವರು. ಒಂದು ಕಾರ್ಯಕ್ರಮ ಮುಗಿದಾಗ ಅವರು ಎತ್ತ ಹೋಗುತ್ತಾರೆ ಎಂಬುದು ವಾಹಿನಿಗಳಿಗೆ ಬೇರೆ ಊರುಗಳಿಗಿಂತ ಇಲ್ಲಿ ಹೆಚ್ಚು ಅನಿಶ್ಚಿತ.

ವೃತ್ತಿ ನಾಟಕ ಕಂಪನಿಗಳು ಊರಿನಲ್ಲಿ ಕ್ಯಾಂಪ್ ಹಾಕಿದ್ದಾಗ ಅಂಕಗಳ ನಡುವೆ ಕಂಪನಿಯವರೊಬ್ಬರು ಪರದೆಯ ಮುಂದೆ ಬಂದು, ನಾಳೆಯ ನಾಟಕ ಯಾವುದೆಂದು ಹೇಳಿ, ಕೈಮುಗಿದು ಒಳಗೆ ಹೋಗುತ್ತಿದ್ದರು. ಟೆಂಟ್ ಸಿನಿಮಾ ಬಂದಾಗ ಆ ಮಾತಿನ ಜಾಗಕ್ಕೆ ಗಾಜಿನ ಸ್ಲೈಡ್ ಬಂತು. ಇಂಟರ್‌ವೆಲ್‌ನಲ್ಲಿ ಊರಿನ ಬಟ್ಟೆ ಅಂಗಡಿ, ಬೀಡಿ, ಸೋಡಾ ಜಾಹೀರಾತುಗಳ ಸಾಲಿನಲ್ಲೇ 'ಮುಂದಿನ ಬದಲಾವಣೆ' ಎಂಬ ಬರಹದೊಡನೆ ಬರಲಿರುವ ಚಿತ್ರದ ಹೆಸರು ಕಾಣುತ್ತಿತ್ತು. ಹಗಲು ಹೊತ್ತಿನಲ್ಲಿ ಪೋಸ್ಟರ್ ಕಟ್ಟಿದ ಜಟಕಾ ಬೀದಿಬೀದಿ ಸುತ್ತಿ ಹ್ಯಾಂಡ್‌ಬಿಲ್ ಎರಚುತ್ತಿತ್ತು. ಗಡಿಸೀಮೆಯ ಟೆಂಟುಗಳಲ್ಲಿ ಈ ವಾರ ಕನ್ನಡ ಚಿತ್ರವಾದರೆ ಮುಂದಿನ ವಾರ ತೆಲುಗು ಚಿತ್ರ ಬರುವುದು ಸಾಮಾನ್ಯವಾಗಿತ್ತು. ಇಲ್ಲಿ ಗಮನಿಸಬೇಕಾದದ್ದು, ಈ ಕರೆಗಳಲ್ಲಿ ಯಾವುದೂ ದುಡಿದವರ ಹೆಸರಿನ ಮೇಲೆ ಬೀಳುತ್ತಿರಲಿಲ್ಲ. ಆ ಕಾಲದ ಚಿತ್ರಗಳಲ್ಲಿ ಛಾಯಾಗ್ರಾಹಕನಿಂದ ಸಹಾಯಕರವರೆಗೆ ಎಲ್ಲರ ಹೆಸರೂ ಆರಂಭದಲ್ಲೇ, ಸಂಗೀತದೊಂದಿಗೆ, ಇಡೀ ತೆರೆಯ ಮೇಲೆ ಬರುತ್ತಿತ್ತು. ಕೊನೆಯಲ್ಲಿ ಉಳಿಯುತ್ತಿದ್ದದ್ದು 'ಶುಭಂ' ಒಂದೇ. ಅದು ಕಂಡೊಡನೆ ಜನ ಏಳುತ್ತಿದ್ದರು, ಯಾರಿಗೂ ನಷ್ಟವಿರಲಿಲ್ಲ.

ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಕೋಲಾರ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್ ದೂರ. ಮಾಲೂರು ಇನ್ನೂ ಹತ್ತಿರ, ಮುಳಬಾಗಿಲು ನೂರು ಕಿಲೋಮೀಟರಿಗೆ ಸಮೀಪ. ಆ ದಿನಗಳಲ್ಲಿ ಟಿ.ವಿ. ಕೊಂಡ ಮನೆಯವರು ಮಾಳಿಗೆಯ ಮೇಲೆ ಎತ್ತರದ ಕಂಬ ನೆಟ್ಟು, ಆಂಟೆನಾ ತಿರುಗಿಸಿ ಚಿತ್ರ ಹಿಡಿಯಬೇಕಿತ್ತು. ಆಗ ಮುಂದಿನ ಕಾರ್ಯಕ್ರಮದ ಸುದ್ದಿ ಹೇಳುತ್ತಿದ್ದವರು ಉದ್ಘೋಷಕಿಯರು. ಒಂದು ಕಾರ್ಯಕ್ರಮದ ಹೆಸರುಪಟ್ಟಿ ಪೂರ್ತಿ ಮುಗಿದ ಮೇಲೆ ಅವರು ತೆರೆಗೆ ಬಂದು, ನಮಸ್ಕರಿಸಿ, ಇನ್ನು ಬರುವುದೇನೆಂದು ತಿಳಿಸುತ್ತಿದ್ದರು. 1982ರ ಆಗಸ್ಟ್ 15ರಂದು ರಾಷ್ಟ್ರೀಯ ಕಾರ್ಯಕ್ರಮ ಶುರುವಾದ ಮೇಲೆ ರಾತ್ರಿಯ ಮುಖ್ಯ ಹೊತ್ತು ಹಿಂದಿ, ಇಂಗ್ಲಿಷ್‌ಗಳ ಪಾಲಾಯಿತು. ಕನ್ನಡಕ್ಕೆ ಸಂಜೆಯ ಕೆಲವು ಗಂಟೆ ಮಾತ್ರ ಉಳಿಯಿತು. ನೋಡುಗರಿಗೆ ಬೇರೆ ವಾಹಿನಿ ಇರಲಿಲ್ಲವಾದ್ದರಿಂದ ಅವರನ್ನು ಹಿಡಿದಿಡುವ ಅವಸರವೂ ದೂರದರ್ಶನಕ್ಕೆ ಇರಲಿಲ್ಲ.

ಆ ನಿರಾತಂಕದಿಂದ ಆದ ಲಾಭ ದೊಡ್ಡದು. ಶಂಕರ್ ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್'ನ ಹೆಸರುಪಟ್ಟಿಯನ್ನು ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳೂ ಎಲ್. ವೈದ್ಯನಾಥನ್ ಅವರ ಸಂಗೀತವೂ ಸೇರಿ ಧಾರಾವಾಹಿಯಷ್ಟೇ ಪ್ರಿಯವಾಗಿಸಿದವು. ಸದಾನಂದ ಸುವರ್ಣರ 'ಗುಡ್ಡದ ಭೂತ'ವನ್ನು ನೆನೆಯುವವರು ಕಥೆಗಿಂತ ಮೊದಲು ಅದರ ಶೀರ್ಷಿಕೆ ಗೀತೆಯನ್ನು ಗುನುಗುತ್ತಾರೆ. ಹಾಡು ಕೇಳುತ್ತಾ ಕೂತವರ ಕಣ್ಣಿಗೆ ಹೆಸರುಗಳೂ ಬೀಳುತ್ತಿದ್ದವು. ಸಂಕಲನ ಯಾರದು, ಪ್ರಸಾಧನ ಯಾರದು ಎಂಬುದು ಸಿನಿಮಾ ಪತ್ರಿಕೆ ಓದದ ಮನೆಗಳಿಗೂ ಗೊತ್ತಾಗುತ್ತಿತ್ತು.

1990ರ ದಶಕ ಈ ಸ್ಥಿತಿಯನ್ನು ಬದಲಿಸಿತು. ಸನ್ ಟಿ.ವಿ. 1993ರ ಏಪ್ರಿಲ್‌ನಲ್ಲಿ ತಮಿಳಿನಲ್ಲಿ, ಉದಯ ಟಿ.ವಿ. 1994ರ ಜೂನ್‌ನಲ್ಲಿ ಕನ್ನಡದಲ್ಲಿ, ಜೆಮಿನಿ ಮತ್ತು ಈಟಿವಿ 1995ರಲ್ಲಿ ತೆಲುಗಿನಲ್ಲಿ ಬಂದವು. ಮೂರು ಭಾಷೆಯ ಈ ವಾಹಿನಿಗಳು ಕೋಲಾರ ಸೀಮೆಯಲ್ಲಿ ಒಂದೇ ಕೇಬಲ್ ತಂತಿಯಲ್ಲಿ ಮನೆಯೊಳಗೆ ಬಂದವು. ಮುಳಬಾಗಿಲಿನ ಹೆದ್ದಾರಿ ಚಿತ್ತೂರಿನ ಕಡೆಗೆ ಹೋಗುತ್ತದೆ. ಶ್ರೀನಿವಾಸಪುರದವರಿಗೆ ಮದನಪಲ್ಲಿ ದೂರದ ಊರಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಕುಟುಂಬಗಳು ಇಲ್ಲಿ ಸಾವಿರಾರು. ಚಿನ್ನದ ಗಣಿಯ ಕಡೆ ತಮಿಳೂ ಸೇರುತ್ತದೆ. ಎಂಟೂವರೆಗೆ ಕನ್ನಡ ಧಾರಾವಾಹಿ ಮುಗಿದರೆ ಒಂಬತ್ತರವರೆಗೆ ತೆಲುಗು ಧಾರಾವಾಹಿ, ಆಮೇಲೆ ಮತ್ತೆ ಕನ್ನಡ ಎಂಬಂತೆ ನೋಡುವುದು ಇಂಥ ಮನೆಗಳಿಗೆ ಕಷ್ಟವೇ ಅಲ್ಲ. ಹೆಸರುಗಳು ಓಡಲು ಶುರುವಾದ ಕ್ಷಣವೇ ರಿಮೋಟ್‌ಗೆ ಕೈ ಹೋಗುವ ಕ್ಷಣ. ವಾಹಿನಿಗಳು ಹೆದರಿದ್ದು ಆ ಅರ್ಧ ನಿಮಿಷಕ್ಕೆ.

ಆ ಹೆದರಿಕೆಗೆ ಮದ್ದು ಮೊದಲು ಸಿಕ್ಕಿದ್ದು ಅಮೆರಿಕದಲ್ಲಿ. ಚಾಲನೆಯಲ್ಲಿರುವ ಚಿತ್ರವನ್ನೇ ಕುಗ್ಗಿಸಿ, ತಿರುಗಿಸಿ, ಮೂಲೆಗೆ ಸರಿಸಬಲ್ಲ ಡಿಜಿಟಲ್ ಯಂತ್ರಗಳು 1970ರ ದಶಕದ ಕೊನೆಯಿಂದ 1980ರ ದಶಕದ ಆರಂಭದ ಹೊತ್ತಿಗೆ ಸ್ಟುಡಿಯೋಗಳಿಗೆ ಬಂದಿದ್ದವು. ಎನ್‌ಬಿಸಿ ಜಾಲ 1994ರಲ್ಲಿ ಅಂತ್ಯದ ಹೆಸರುಪಟ್ಟಿಯನ್ನು ತೆರೆಯ ಒಂದು ಪಾಲಿಗೆ ಒತ್ತಿ, ಉಳಿದ ಜಾಗದಲ್ಲಿ ತನ್ನ ಕಾರ್ಯಕ್ರಮಗಳ ಪ್ರಚಾರ ತೋರಿಸತೊಡಗಿತು. ಒಂದು ಕಾರ್ಯಕ್ರಮಕ್ಕೂ ಇನ್ನೊಂದಕ್ಕೂ ನಡುವೆ ಬಿರುಕೇ ಕಾಣಬಾರದು ಎಂಬುದು ಅದರ ಲೆಕ್ಕ. ಬೇರೆ ಜಾಲಗಳು ಅದನ್ನೇ ಅನುಸರಿಸಿದವು. ಬ್ರಿಟನ್ನಿನಲ್ಲಿ ನಟರ ಸಂಘವಾದ ಈಕ್ವಿಟಿ ಇದನ್ನು ಬಹಿರಂಗವಾಗಿ ವಿರೋಧಿಸಿತು. ಅಲ್ಲಿನ ನೋಡುಗರೂ ಸುಮ್ಮನಿರಲಿಲ್ಲ. 2010ರ ಏಪ್ರಿಲ್‌ನಲ್ಲಿ 'ಡಾಕ್ಟರ್ ಹೂ' ಕಂತಿನ ಕೊನೆಯ ರೋಚಕ ಕ್ಷಣದ ಮೇಲೆ ಮುಂದಿನ ಕಾರ್ಯಕ್ರಮದ ಪ್ರಚಾರ ಹಾದುಹೋದಾಗ ಬಿಬಿಸಿಗೆ 5,000ಕ್ಕೂ ಹೆಚ್ಚು ದೂರುಗಳು ಬಂದು, ಅದು ಕ್ಷಮೆ ಕೇಳಬೇಕಾಯಿತು.

ಭಾರತದ ವಾಹಿನಿಗಳಿಗೆ ಈ ತಂತ್ರ ಬಂದಾಗ ಅದರ ಪೆಟ್ಟು ಕನ್ನಡ ಅಕ್ಷರಕ್ಕೆ ರೋಮನ್ ಅಕ್ಷರಕ್ಕಿಂತ ಜೋರಾಗಿಯೇ ಬಿತ್ತು. ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಹಳೆಯ ಪಾಲ್ ಪ್ರಸಾರ ಪದ್ಧತಿಯ ಚಿತ್ರದಲ್ಲಿ 625 ಗೆರೆಗಳಿದ್ದು, ಕಣ್ಣಿಗೆ ಕಾಣುವಂಥವು 576. ಪೂರ್ಣ ತೆರೆಯಲ್ಲಿ ಒಂದು ಹೆಸರಿನ ಸಾಲು 24 ಗೆರೆಯಷ್ಟು ಎತ್ತರವಿದೆ ಎಂದುಕೊಂಡರೆ, ಚಿತ್ರವನ್ನು ಮೂರರಲ್ಲೊಂದು ಎತ್ತರಕ್ಕೆ ಕುಗ್ಗಿಸಿದಾಗ ಅದಕ್ಕೆ ಸಿಗುವುದು 8 ಗೆರೆ. ಇಂಗ್ಲಿಷಿನ ದೊಡ್ಡಕ್ಷರ ಆ ಎಂಟರಲ್ಲಿ ಹೇಗೋ ನಿಲ್ಲುತ್ತದೆ. 'ಲಕ್ಷ್ಮೀ', 'ಕೃಷ್ಣಮೂರ್ತಿ' ಎಂಬ ಹೆಸರುಗಳಲ್ಲಿ ಮೇಲಿನ ಗುಣಿತ, ನಡುವಿನ ಅಕ್ಷರ, ಕೆಳಗಿನ ಒತ್ತು ಮೂರೂ ಅಷ್ಟರೊಳಗೇ ಹಂಚಿಕೊಳ್ಳಬೇಕು. ಒತ್ತಕ್ಷರಕ್ಕೆ ಎರಡು ಗೆರೆ ಸಿಕ್ಕರೆ ಹೆಚ್ಚು. ಸಾಲದ್ದಕ್ಕೆ ಪಿಕ್ಚರ್ ಟ್ಯೂಬ್ ಸೆಟ್ಟುಗಳಲ್ಲಿ ಗೆರೆಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಸರದಿಯಲ್ಲಿ ಬಿಡಿಸುವುದರಿಂದ ಅಷ್ಟು ಸಣ್ಣ ಗೀಟುಗಳು ಮಿನುಗಿ ಕಲಸಿಹೋಗುತ್ತವೆ. ಪಟ್ಟಿಯ ವೇಗವೂ ಸೇರಿದಾಗ ಅಲ್ಲಿ ಉಳಿಯುವುದು ಬಿಳಿ ಚುಕ್ಕೆಗಳ ಒಂದು ಪ್ರವಾಹ. ದೊಡ್ಡ ಸ್ಪಷ್ಟ ತೆರೆಗಳು ಬಂದ ಮೇಲೆ ಅಕ್ಷರ ಸ್ವಲ್ಪ ಸುಧಾರಿಸಿತು, ವೇಗ ಸುಧಾರಿಸಲಿಲ್ಲ.

ಕನ್ನಡ ಧಾರಾವಾಹಿಯ ಸ್ವರೂಪವೂ ಇದೇ ಕಾಲದಲ್ಲಿ ಬದಲಾಯಿತು. ದೂರದರ್ಶನದ ಹದಿಮೂರು ವಾರದ ಧಾರಾವಾಹಿಗಳ ಜಾಗಕ್ಕೆ ದಿನವಹಿ ಧಾರಾವಾಹಿ ಬಂತು. 1998ರಲ್ಲಿ ದೂರದರ್ಶನದಲ್ಲೇ ಪ್ರಸಾರವಾದ 'ಮಾಯಾಮೃಗ' ಆ ಬದಲಾವಣೆಯ ದೊಡ್ಡ ಗುರುತು. ಅದನ್ನು ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ನಿರ್ದೇಶಿಸಿದರು. ಸೀತಾರಾಮ್ ಗೌರಿಬಿದನೂರಿನವರು, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗುವವರೆಗೆ ಆ ಊರು ಕೋಲಾರ ಜಿಲ್ಲೆಯಲ್ಲೇ ಇತ್ತು. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ ಬಂದಂತೆ ಪೈಪೋಟಿ ಬಿಗಿಯಾಯಿತು. ಸೀತಾರಾಮ್ ಅವರ 'ಮುಕ್ತ'ದಂಥ ಧಾರಾವಾಹಿಗಳು ಎಚ್.ಎಸ್. ವೆಂಕಟೇಶಮೂರ್ತಿಯವರ ಶೀರ್ಷಿಕೆ ಗೀತೆಯೊಂದಿಗೆ ಮುಖ್ಯ ಹೆಸರುಗಳನ್ನು ಆರಂಭದಲ್ಲೇ ತೋರಿಸುವ ಪರಂಪರೆಯನ್ನು ಉಳಿಸಿದವು. ಇದು ಹಳೆಯ ಸಿನಿಮಾ ಕ್ರಮವೇ, ಮತ್ತು ಒಳ್ಳೆಯ ಕ್ರಮ. ಆದರೆ ಹಾಡಿನೊಳಗೆ ಹಿಡಿಯುವುದು ನಿರ್ಮಾಪಕ, ನಿರ್ದೇಶಕ, ಕಥೆ, ಸಂಭಾಷಣೆ, ಮುಖ್ಯ ಪಾತ್ರಧಾರಿಗಳು ಇಷ್ಟೇ. ಲೈಟ್ ಹಿಡಿದವರು, ಬಣ್ಣ ಹಚ್ಚಿದವರು, ವಸ್ತ್ರ ಜೋಡಿಸಿದವರು, ಧ್ವನಿ ಸರಿಪಡಿಸಿದವರು, ಪ್ರೊಡಕ್ಷನ್ ಹುಡುಗರು ಕೊನೆಯ ಪಟ್ಟಿಗೇ ಉಳಿದರು. ಪ್ರೋಮೊ ಬಂದು ಕೂತದ್ದು ಅವರ ಮೇಲೆ. ಊರಿನಲ್ಲಿರುವ ತಂದೆತಾಯಿಗೆ ಮಗನ ಕೆಲಸದ ಪುರಾವೆ ಎಂದರೆ ಆ ಒಂದು ಸಾಲು. ಅದನ್ನು ಅಳಿಸುವುದು ಅನ್ಯಾಯ ಎಂದು ಬಿಚ್ಚಿಹೇಳಲು ಸಂಕೋಚಪಡಬೇಕಾಗಿಲ್ಲ.

ಪ್ರೋಮೊಗೆ ಆ ಜಾಗವೇ ಬೇಕಾದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕೇಬಲ್ ಟೆಲಿವಿಷನ್ ಜಾಲಗಳ ನಿಯಮಗಳ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರುವಂತಿಲ್ಲ: ವಾಣಿಜ್ಯ ಜಾಹೀರಾತಿಗೆ 10 ನಿಮಿಷ, ವಾಹಿನಿಯ ಸ್ವಂತ ಪ್ರಚಾರಕ್ಕೆ 2 ನಿಮಿಷ. ಹತ್ತು ನಿಮಿಷ ದುಡ್ಡು ತರುತ್ತದೆ, ಎರಡು ನಿಮಿಷ ತರುವುದಿಲ್ಲ. ಹೀಗಾಗಿ ಸ್ವಂತ ಪ್ರಚಾರವನ್ನು ಕಾರ್ಯಕ್ರಮದ ಬಾಲಕ್ಕೆ ಅಂಟಿಸುವುದು ವಾಹಿನಿಗೆ ಅನುಕೂಲ. ಅದೇ ನಿಯಮಗಳು ಜಾಹೀರಾತು ಕಾರ್ಯಕ್ರಮದಿಂದ ಬೇರೆಯಾಗಿ ಕಾಣಬೇಕು, ತೆರೆಯ ಕೆಳಭಾಗದಲ್ಲಿ ಬರಹ ಓಡಿಸಿ ಕಾರ್ಯಕ್ರಮಕ್ಕೆ ಅಡ್ಡಿ ಮಾಡಬಾರದು ಎಂದೂ ಹೇಳುತ್ತವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರ ಮೇ ತಿಂಗಳಲ್ಲಿ ಪೂರ್ಣ ತೆರೆಯ ಜಾಹೀರಾತಿಗೆ ಮಾತ್ರ ಅವಕಾಶವೆಂದು ಕಟ್ಟುಪಾಡು ತಂದಿತ್ತು. 2013ರ ಮಾರ್ಚ್ ತಿದ್ದುಪಡಿಯಲ್ಲಿ ಆ ಷರತ್ತು ಉಳಿಯಲಿಲ್ಲ. ಕೆಳಗಿನ ಪಟ್ಟಿಯನ್ನು ಆಸ್ಟನ್ ಬ್ಯಾಂಡ್ ಎಂದೂ, ಒಂದು ಪಕ್ಕ ಮತ್ತು ಕೆಳಭಾಗ ಸೇರಿದ ಚೌಕಟ್ಟನ್ನು ಎಲ್-ಬ್ಯಾಂಡ್ ಎಂದೂ ಕರೆದು ಮಾರುವ ವ್ಯವಹಾರ ಮುಂದುವರಿಯಿತು.

ಹೆಸರಿಗೆ ಕಾನೂನಿನ ತೂಕವೂ ಇದೆ ಎಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ. ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮು ಲೇಖಕನಿಗೆ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 38ಬಿ ಕಲಮು ಅಂಥದೇ ಹಕ್ಕನ್ನು ಕಲಾವಿದರಿಗೂ ವಿಸ್ತರಿಸಿತು, ಬಳಕೆಯ ರೀತಿಯೇ ಹೆಸರನ್ನು ಬಿಡುವಂತೆ ಮಾಡಿದ್ದರೆ ಮಾತ್ರ ವಿನಾಯಿತಿ. ಅದೇ ತಿದ್ದುಪಡಿ ಇನ್ನೊಂದು ಮಾತನ್ನೂ ಸೇರಿಸಿತು: ಸಣ್ಣ, ಪ್ರಾಸಂಗಿಕ ಪಾತ್ರ ಮಾಡಿ, ಉದ್ಯಮದ ವಾಡಿಕೆಯಂತೆ ಹೆಸರುಪಟ್ಟಿಯಲ್ಲೂ ಎಲ್ಲಿಯೂ ಕಾಣಿಸಿಕೊಳ್ಳದವರನ್ನು, ತಮ್ಮ ಅಭಿನಯವನ್ನು ಕೆಡಿಸುವುದರ ವಿರುದ್ಧದ ಹಕ್ಕಿನ ಮಟ್ಟಿಗೆ ಬಿಟ್ಟರೆ, ಕಲಾವಿದರೆಂದು ಪರಿಗಣಿಸುವುದಿಲ್ಲ. ಪಟ್ಟಿಯಲ್ಲಿ ಹೆಸರಿರುವುದಕ್ಕೂ ಕಲಾವಿದನೆಂಬ ಸ್ಥಾನಕ್ಕೂ ಹೀಗೆ ಗಂಟು ಬಿದ್ದಿದೆ. ಹೆಸರು ಎಷ್ಟು ದೊಡ್ಡದಿರಬೇಕು, ಎಷ್ಟು ಹೊತ್ತು ಇರಬೇಕು ಎಂಬುದನ್ನು ಮಾತ್ರ ಕಾಯಿದೆ ಹೇಳುವುದಿಲ್ಲ. ಎಂಟು ಗೆರೆಯ ಅಕ್ಷರವೂ ಹೆಸರೇ.

ಡಬ್ಬಿಂಗ್ ಬಂದ ಮೇಲೆ ಈ ಪಟ್ಟಿಗೆ ಹೊಸ ಜನ ಸೇರಿದರು. ಕನ್ನಡದಲ್ಲಿ ಡಬ್ಬಿಂಗ್ ತಡೆಯುತ್ತಿದ್ದ ಸಂಸ್ಥೆಗಳ ವಿರುದ್ಧ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ನೀಡಿತು. 2020ರ ಲಾಕ್‌ಡೌನ್ ವೇಳೆ ಚಿತ್ರೀಕರಣ ನಿಂತಾಗ ಹಿಂದಿಯ 'ಮಹಾಭಾರತ' ಕನ್ನಡದ ಮಾತಿನಲ್ಲಿ ಮನೆಮನೆ ತಲುಪಿತು. ಮುಖ ಕಾಣದ ಕಂಠದಾನ ಕಲಾವಿದರಿಗೆ, ಸಂಭಾಷಣೆಯನ್ನು ತುಟಿಯ ಚಲನೆಗೆ ಹೊಂದಿಸಿ ಬರೆದವರಿಗೆ ತೆರೆಯ ಮೇಲೆ ಅಸ್ತಿತ್ವ ಎಂದರೆ ಹೆಸರುಪಟ್ಟಿ ಮಾತ್ರ. ತೆಲುಗು ಧಾರಾವಾಹಿಯನ್ನು ಮೂಲದಲ್ಲೇ ನೋಡಬಲ್ಲ ಕೋಲಾರದ ಪ್ರೇಕ್ಷಕರು ಈ ಕಸುಬಿನ ಒಳ್ಳೆಯದು ಕೆಟ್ಟದ್ದನ್ನು ತಟ್ಟನೆ ಗುರುತಿಸಬಲ್ಲರು. ಚೆನ್ನಾಗಿ ಮಾಡಿದವರು ಯಾರೆಂದು ತಿಳಿಯುವ ದಾರಿ ಅವರಿಗೂ ಕಿರಿದು.

ಕೇಬಲ್ಲಿನ ಡಿಜಿಟಲೀಕರಣ ಬೆಂಗಳೂರಿಗೆ 2013ರಲ್ಲಿ, ಉಳಿದ ಊರು, ಹಳ್ಳಿಗಳಿಗೆ ನಂತರದ ಹಂತಗಳಲ್ಲಿ 2017ರ ಹೊತ್ತಿಗೆ ಬಂತು. 2019ರ ಫೆಬ್ರವರಿಯಿಂದ ಟ್ರಾಯ್‌ನ ಹೊಸ ದರಪದ್ಧತಿಯಲ್ಲಿ ವಾಹಿನಿಗಳನ್ನು ಬಿಡಿಯಾಗಿಯೋ ಪ್ಯಾಕ್ ಆಗಿಯೋ ಆರಿಸಿ ದುಡ್ಡು ಕೊಡಬೇಕಾಯಿತು. ಗಡಿಸೀಮೆಯ ಮನೆಗಳು ಕನ್ನಡದ ಪ್ಯಾಕ್ ಸಾಕೇ, ತೆಲುಗಿನದೂ ಬೇಕೇ ಎಂದು ತೀರ್ಮಾನಿಸುವ ಸಂದರ್ಭ ಬಂತು. ವಾಹಿನಿಗಳ ಆತಂಕ ಇದರಿಂದ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಟಿ.ವಿ. ನೋಡುಗರ ಲೆಕ್ಕವಿಡುವ ಸಂಸ್ಥೆಯಾದ ಬಾರ್ಕ್ 2015ರಿಂದ ಪ್ರಕಟಿಸುತ್ತಿರುವ ವಾರದ ರೇಟಿಂಗ್, ನೋಡುವ ಹೊತ್ತನ್ನು ನಿಮಿಷದ ಲೆಕ್ಕದಲ್ಲೇ ಅಳೆಯುತ್ತದೆ. ಹೆಸರು ಓಡುವ ನಿಮಿಷವೂ ಆ ಲೆಕ್ಕದೊಳಗೇ ಬರುತ್ತದೆ.

ಮೊಬೈಲ್ ಆ್ಯಪ್‌ಗಳಲ್ಲಿ ಧಾರಾವಾಹಿ ನೋಡುವವರು ಹೆಚ್ಚಿದಂತೆ ಕುಗ್ಗಿಸುವ ಕೆಲಸ ವಾಹಿನಿಯ ಕಂಟ್ರೋಲ್ ರೂಮಿನಿಂದ ಆ್ಯಪ್‌ಗೆ ದಾಟಿತು. ಕಂತಿನ ಕೊನೆ ಬಂದೊಡನೆ ಮುಂದಿನ ಕಂತಿನ ಗುಂಡಿ ಮೂಡಿ, ಕೆಲವು ಸೆಕೆಂಡು ಎಣಿಸಿ, ತಾನಾಗಿಯೇ ಮುಂದಕ್ಕೆ ಹೋಗುತ್ತದೆ. ಆದರೂ ಇಲ್ಲಿ ಒಂದು ಅನುಕೂಲ ನೋಡುಗರ ಕೈಯಲ್ಲಿದೆ. ಎಣಿಕೆಯನ್ನು ನಿಲ್ಲಿಸಿ ಪಟ್ಟಿಯನ್ನು ಪೂರ್ಣ ತೆರೆಗೆ ತರಬಹುದು, ಹಿಂದಕ್ಕೆ ಸರಿಸಬಹುದು, ಬೇಕಾದ ಸಾಲಿನಲ್ಲಿ ನಿಲ್ಲಿಸಿ ಓದಬಹುದು. ಕನ್ನಡ ಕಿರುತೆರೆಯಲ್ಲಿ ಯಾರು ಯಾವ ಕೆಲಸ ಮಾಡಿದರು ಎಂಬ ಚರಿತ್ರೆಯನ್ನು ಬರೆಯಲು ಕೂರುವವರಿಗೆ, ಉಳಿದ ಕಂತುಗಳ ಈ ಕೊನೆಯ ಮೂವತ್ತು ನಲವತ್ತು ಸೆಕೆಂಡುಗಳೇ ಮೊದಲ ದಾಖಲೆ.