ಬಿಳಿಗಿರಿಯ ಸೋಲಿಗರೂ ಸೇವಕನ ನಾಯಕತ್ವವೂ

ಮಲೆಯ ಮಹದೇಶ್ವರರ ಚರಿತ್ರೆಯನ್ನು ಕಂಸಾಳೆಯವರ ಬಾಯಿಂದ ಕೇಳಿದ ಭಕ್ತರೆಲ್ಲರೂ ಸೋಲಿಗರ ಸಂಕಮ್ಮನನ್ನೂ, ಸ್ವಾಮಿಯ ವರದಿಂದ ಆಕೆಗೆ ಜನಿಸಿದ ಕಾರಯ್ಯ ಬಿಲ್ಲಯ್ಯರನ್ನೂ ಬಲ್ಲರು. ಮಹದೇಶ್ವರರನ್ನು ಪೂಜಿಸುವ ಈ ವನವಾಸಿ ಕುಲವು, ಬಿಳಿಗಿರಿಯ ರಂಗನಾಥನು ತಮ್ಮ ಮನೆಮಗಳಾದ ಕುಸುಮಾಲೆಯನ್ನು ವರಿಸಿದನೆಂದು ನಂಬಿ ಆ ದೇವರನ್ನು ಭಾವನೆಂದೇ ಕರೆಯುವುದು. ದೇವರೊಡನೆಯೇ ನಂಟನ್ನು ಬೆಳೆಸಿದ ಇಂತಹ ಜನರು ನಾಡವರ ಲೋಕದಲ್ಲಿ ಮಾತ್ರ ಬಹುಕಾಲ ಬಾಗಿಲ ಹೊರಗೇ ನಿಂತಿದ್ದರು. ಅವರು ತಮ್ಮ ಹಕ್ಕನ್ನು ತಾವೇ ಕೇಳಿ ಪಡೆಯುವಂತಾದ ವೃತ್ತಾಂತವು ಸೇವಾಕಾರ್ಯದಲ್ಲಿ ತೊಡಗಿರುವವರೆಲ್ಲರೂ ಅರಿಯತಕ್ಕುದಾಗಿದೆ.

ಸೋಲಿಗರ ಊರಿಗೆ ಪೋಡು ಎಂದು ಹೆಸರು. ಕಾಡನ್ನು ಸ್ವಲ್ಪ ಕಡಿದು ರಾಗಿಯನ್ನು ಬಿತ್ತಿ, ಕೆಲವು ವರ್ಷಗಳ ತರುವಾಯ ಆ ಭೂಮಿಯನ್ನು ಮತ್ತೆ ಕಾಡಿಗೇ ಬಿಟ್ಟು ಮುಂದೆ ಸಾಗುವುದು ಅವರ ಪೂರ್ವಿಕರ ಪದ್ಧತಿಯು. ಹೆಜ್ಜೇನು, ನೆಲ್ಲಿಕಾಯಿ, ಗೆಡ್ಡೆಗೆಣಸುಗಳು ಅವರ ಜೀವನಾಧಾರವಾಗಿದ್ದವು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಶಾಸನವು ಜಾರಿಗೆ ಬಂದು, 1974ರಲ್ಲಿ ಬಿಳಿಗಿರಿರಂಗನ ಬೆಟ್ಟವು ಅಭಯಾರಣ್ಯವಾಯಿತು. ಬೇಟೆಯೂ ಬೇಸಾಯದ ಹಳೆಯ ಕ್ರಮವೂ ನಿಷೇಧಿಸಲ್ಪಟ್ಟವು; ಒಳಗಾಡಿನ ಪೋಡುಗಳವರು ಬೇರೆಡೆಗಳಲ್ಲಿ ನೆಲೆಗೊಳಿಸಲ್ಪಟ್ಟರು. ಕಾಡೇ ಮನೆಯಾಗಿದ್ದವರು ಕಾಡಿನಲ್ಲಿಯೇ ಪರಕೀಯರಾದರು.

ಇಂತಹ ಕಾಲದಲ್ಲಿ ಬೆಂಗಳೂರಿನ ವೈದ್ಯಕೀಯ ಕಾಲೇಜಿನಲ್ಲಿ ವಿದ್ಯೆಯನ್ನು ಪೂರೈಸಿದ್ದ ಡಾ. ಹೆಚ್. ಸುದರ್ಶನರು ಬಿಳಿಗಿರಿಗೆ ಬಂದು, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಆಗ ಈ ಪ್ರದೇಶವು ಮೈಸೂರು ಜಿಲ್ಲೆಗೆ ಸೇರಿದ್ದಿತು. ಚಾಮರಾಜನಗರ ಜಿಲ್ಲೆಯು ರಚಿತವಾದುದು 1997ರಲ್ಲಿ. ರೋಗಿಯು ತಮ್ಮ ಬಳಿಗೆ ಬರಲೆಂದು ಕಾಯದೆ, ವೈದ್ಯರೇ ಪೋಡಿನಿಂದ ಪೋಡಿಗೆ ನಡೆದರು. ಆದರೆ ಔಷಧದಿಂದ ಗುಣವಾದವನು ಅದೇ ಹಸಿವಿಗೂ ಅದೇ ಸಾಲಕ್ಕೂ ಹಿಂದಿರುಗುವನಾದರೆ ಚಿಕಿತ್ಸೆಯು ಅರ್ಧವೇ ಸರಿ. ಆದುದರಿಂದ ಆಸ್ಪತ್ರೆಯ ಜೊತೆಗೆ ಶಾಲೆಯೂ, ಕೈಕಸಬಿನ ತರಬೇತಿಯೂ, ಅರಣ್ಯೋತ್ಪನ್ನಗಳ ಸಂಸ್ಕರಣೆಯೂ ಏರ್ಪಟ್ಟವು. ಸೋಲಿಗರ ಗಿಡಮೂಲಿಕೆಯ ಜ್ಞಾನವು ಮೌಢ್ಯವೆಂದು ತಳ್ಳಲ್ಪಡದೆ ಗೌರವಿಸಲ್ಪಟ್ಟಿತು. 1994ರಲ್ಲಿ ಸ್ವೀಡನ್ ದೇಶದ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ, 2000ದಲ್ಲಿ ಪದ್ಮಶ್ರೀಯೂ ಸುದರ್ಶನರಿಗೆ ದೊರೆತವು.

ಪ್ರಶಸ್ತಿಯು ನಾಯಕನ ಕೀರ್ತಿಯನ್ನು ಹೇಳುವುದೇ ಹೊರತು ಅವನ ಕಾರ್ಯದ ಸತ್ತ್ವವನ್ನು ಅಳೆಯಲಾರದು. ಅಳತೆಗೋಲು ಬೇರೊಂದಿದೆ. ನಾಯಕನು ಕೈಬಿಟ್ಟಾಗ ಜನರು ನಿಲ್ಲುವರೋ ಬೀಳುವರೋ ಎಂಬುದೇ ಅದು. ಕೇಂದ್ರದ ಪ್ರೋತ್ಸಾಹದಿಂದ ಸೋಲಿಗರ ಸಂಘಗಳು ಹುಟ್ಟಿ, ಪೋಡಿನಿಂದ ತಾಲ್ಲೂಕಿಗೂ ಜಿಲ್ಲೆಗೂ ಬೆಳೆದಿದ್ದವು. ಅವುಗಳಿಗೆ ಪರೀಕ್ಷೆಯ ಕಾಲವೂ ಬಂದಿತು. 2002ರ ಶಾಸನ ತಿದ್ದುಪಡಿಯ ಫಲವಾಗಿ, ಅಭಯಾರಣ್ಯದಿಂದ ಜೇನು ನೆಲ್ಲಿಕಾಯಿಗಳನ್ನು ತಂದು ಮಾರುವುದಕ್ಕೂ ತಡೆಯುಂಟಾಯಿತು. ಈ ಸಂಕಟವನ್ನು ಆಸ್ಪತ್ರೆಯಾಗಲಿ ಶಾಲೆಯಾಗಲಿ ಪರಿಹರಿಸುವಂತಿರಲಿಲ್ಲ.

2006ರ ಅರಣ್ಯ ಹಕ್ಕುಗಳ ಶಾಸನವು ದಾರಿಯನ್ನು ತೆರೆಯಿತು. ಆ ದಾರಿಯಲ್ಲಿ ನಡೆದವರು ಸೋಲಿಗರೇ. ಅವರು ಗ್ರಾಮಸಭೆಗಳಲ್ಲಿ ಕುಳಿತು ಹಕ್ಕನ್ನು ಮಂಡಿಸಿದರು. ದೇವರು, ಮಾರಮ್ಮ, ವೀರರು, ಕಲ್ಲುಗುಡಿ, ಅಬ್ಬಿ ಎಂಬ ತಮ್ಮ ಪವಿತ್ರ ಸ್ಥಾನಗಳನ್ನು ವಿದ್ವಾಂಸರ ನೆರವಿನಿಂದ ನಕ್ಷೆಯಲ್ಲಿ ಗುರುತಿಸಿದರು. ತರಗೆಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿಯು ನಿಂತುದರಿಂದಲೇ ಲಾಂಟಾನ ಗಿಡವೂ, ನೆಲ್ಲಿಯ ಮರವನ್ನು ಹೀರುವ ಬದನಿಕೆಯೂ ಹೆಚ್ಚಿದವೆಂದು ವಿವರಿಸಿದರು. ಹಿಂದೆ ಬರೆಯಲು ಬಾರದಿದ್ದ ಕುಲದಲ್ಲಿ ಈಗ ಅರ್ಜಿ ಬರೆಯುವವರೂ, ವಿಶ್ವವಿದ್ಯಾಲಯದ ಉನ್ನತ ಪದವೀಧರರೂ ಇದ್ದರು. 2011ರ ಜನವರಿಯಲ್ಲಿ ಅಭಯಾರಣ್ಯವು ಹುಲಿಗಳ ರಕ್ಷಿತ ಪ್ರದೇಶವೆಂದು ಘೋಷಿತವಾಗಿ ಪುನಃ ಭಯ ಹುಟ್ಟಿದರೂ, ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತವು. ಹುಲಿಗಳ ರಕ್ಷಿತ ಪ್ರದೇಶದೊಳಗೆ ಇಂತಹ ಹಕ್ಕು ಮಾನ್ಯವಾದುದು ದೇಶದಲ್ಲಿಯೇ ಮೊದಲು.

ಹಕ್ಕುಪತ್ರವು ಕೈಸೇರಿದ ಮಾತ್ರಕ್ಕೆ ತೊಡಕುಗಳೆಲ್ಲವೂ ತೀರಿದವೆಂದಲ್ಲ. ಆದರೆ ಬೇಡುವವರಾಗಿ ನಿಂತಿದ್ದವರು ಕೇಳುವವರಾದರು. ಈ ಅಂತರವು ಅಲ್ಪವಾದುದಲ್ಲ. ದಾಸೋಹದಲ್ಲಿ ನೀಡುವವನಿಗೆ ತಾನು ನೀಡುವೆನೆಂಬ ಭಾವವು ಉಳಿದರೆ ಅದು ಬರಿಯ ದಾನವಾಗುವುದೆಂದು ಹಿರಿಯರು ತಿಳಿಹೇಳಿರುವರು. ನಾಯಕತ್ವಕ್ಕೂ ಇದೇ ನಿಯಮವು. ಶಾಲೆಯನ್ನೂ ಪ್ರಸಾದ ನಿಲಯವನ್ನೂ ನಡೆಯಿಸುವ ಸಂಸ್ಥೆಗಳೆಲ್ಲವೂ ತಾವು ಉಣಿಸಿದವರ ಎಣಿಕೆಯನ್ನಷ್ಟೇ ಅಲ್ಲದೆ, ತಮ್ಮ ನೆರವಿಲ್ಲದೆ ನಿಲ್ಲಬಲ್ಲವರಾದವರ ಎಣಿಕೆಯನ್ನೂ ಇಡುವಂತಾಗಲಿ. ಬಿಳಿಗಿರಿಯ ಪೋಡುಗಳು ನಾಡಿಗೆ ಕಲಿಸಿರುವ ಪಾಠವಿದು.