ಹಾಜರಿ ತಪ್ಪಿದವನ ಮೇಲ್ಮನವಿ

ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬುದು ಇಂದು ಒಂದು ಬಡಾವಣೆಯ ಹೆಸರಷ್ಟೇ. ಮುಂಬಯಿ ಸರಕಾರದ ಕಾಲದಲ್ಲಿ ಅದು 'ಅಪರಾಧಿ ಬುಡಕಟ್ಟು' ಎಂಬ ಹಣೆಪಟ್ಟಿ ಹೊತ್ತ ಗಂಟಿಚೋರ ಮುಂತಾದ ಸಮುದಾಯಗಳನ್ನು ಬೇಲಿಯೊಳಗೆ ಕೂಡಿಹಾಕಿದ ಜಾಗ. ದುಡಿಯಲು ಹೋಗುವವರು ಪಾಸು ಹಿಡಿದು ಹೋಗಬೇಕು, ಹೊತ್ತಿಗೆ ಸರಿಯಾಗಿ ಬಂದು ಹಾಜರಿ ಕೊಡಬೇಕು. ನಿಯಮ ಮುರಿದವರಿಗೆ 1924ರ ಅಪರಾಧಿ ಬುಡಕಟ್ಟು ಕಾಯ್ದೆಯಡಿ ಜೈಲು. ಜೈಲಿಗೆ ಕಳಿಸಲು ಮ್ಯಾಜಿಸ್ಟ್ರೇಟರ ತೀರ್ಪಾದರೂ ಬೇಕಿತ್ತು. ಬೇಲಿಯೊಳಗೆ ಇಡಲು, ಹೊರಗೆ ಬಿಡಲು, ಮತ್ತೆ ಎಳೆತರಲು ಸರಕಾರದ ಅಥವಾ ಅದರ ಅಧಿಕಾರಿಯ ಆದೇಶವೇ ಸಾಕಾಗಿತ್ತು. ಬುಡಕಟ್ಟನ್ನು ಘೋಷಿಸಿದ ಅಧಿಸೂಚನೆಯನ್ನು ಯಾವ ಕೋರ್ಟೂ ಪ್ರಶ್ನಿಸಬಾರದೆಂದು ಕಾಯ್ದೆಯಲ್ಲೇ ಬರೆದಿತ್ತು. ಬಿಡುಗಡೆ ಸರಕಾರದ ಕೃಪೆಯಾಗಿರುವ ತನಕ, ಅದನ್ನು ಕಿತ್ತುಕೊಂಡಾಗ ಮೇಲ್ಮನವಿಗೆ ಎಡೆಯೇ ಇರುವುದಿಲ್ಲ. ಸೆಟ್ಲಮೆಂಟ್ ಅಧಿಕಾರಿಯಾಗಿದ್ದ ಸ್ಟಾರ್ಟೆ ಶಾಲೆ ತೆರೆದರು, ಕೂಲಿ ಕೆಲಸ ಕೊಡಿಸಿದರು ಎಂದು ಹೇಳುವವರುಂಟು. ನಿಜವೇ. ಆದರೆ ಬೇಲಿಯೊಳಗೆ ಹುಟ್ಟಿದ ಕೂಸಿನ ಮೇಲೆ ಯಾವ ಆರೋಪವಿತ್ತು? ಆರೋಪವೇ ಇಲ್ಲದ ಕಡೆ ಅದನ್ನು ಸುಳ್ಳೆಂದು ಸಾಧಿಸುವುದು ಹೇಗೆ?

ಇದೇ ಮುಂಬಯಿ ಪ್ರಾಂತ್ಯದಲ್ಲಿ 1938ರಲ್ಲಿ, ತಪ್ಪಿತಸ್ಥನನ್ನು ಜೈಲಿಗೆ ಕಳಿಸದೆ ಷರತ್ತಿನ ಮೇಲೆ ಬಿಡುವ ಪ್ರೊಬೇಶನ್ ಕಾಯ್ದೆ ಬಂತು. 1949ರಲ್ಲಿ ಇಲ್ಲಿ ಅಪರಾಧಿ ಬುಡಕಟ್ಟು ಕಾಯ್ದೆ ರದ್ದಾಯಿತು. ಹುಬ್ಬಳ್ಳಿ ಇರುವ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, 1958ರಲ್ಲಿ, ಕೇಂದ್ರದ ಪ್ರೊಬೇಶನ್ ಕಾಯ್ದೆ ಆಯಿತು. ಅದರಲ್ಲಿ ಬಿಡುಗಡೆ ಕೋರ್ಟಿನ ಆದೇಶ, ತಪ್ಪಿತಸ್ಥ ಬರೆದುಕೊಟ್ಟ ಮುಚ್ಚಳಿಕೆಗೆ ಕಟ್ಟುಬಿದ್ದದ್ದು. ಷರತ್ತು ಮುರಿದನೆಂದು ಪ್ರೊಬೇಶನ್ ಅಧಿಕಾರಿ ವರದಿ ಕೊಟ್ಟ ಮಾತ್ರಕ್ಕೆ ಜೈಲಿಲ್ಲ. 9ನೇ ಕಲಮಿನಂತೆ ಕೋರ್ಟು ಅವನನ್ನು ಕರೆಸಿ, ಅಹವಾಲು ಕೇಳಿ, ಮುರಿದದ್ದು ಹೌದೆಂದು ಮನಗಂಡ ಮೇಲೆಯೇ ಮೂಲ ಅಪರಾಧಕ್ಕೆ ಶಿಕ್ಷೆ ಕೊಡಬಹುದು. ಮೊದಲ ಸಲದ ತಪ್ಪಾದರೆ ಮುಚ್ಚಳಿಕೆಯನ್ನು ಹಾಗೇ ಉಳಿಸಿ, 50 ರೂಪಾಯಿ ಮೀರದ ದಂಡ ಹಾಕಲೂಬಹುದು. ಮ್ಯಾಜಿಸ್ಟ್ರೇಟರು ಜೈಲುಶಿಕ್ಷೆಯನ್ನೇ ಕೊಟ್ಟರೆ ಸೆಷನ್ಸ್ ಕೋರ್ಟಿನ ಬಾಗಿಲು ತೆರೆದಿದೆ.

ಒಮ್ಮೆ ಕನಿಕರ ತೋರಿಸಿದ್ದಾಯಿತು, ಮಾತಿಗೆ ತಪ್ಪಿದವನಿಗೆ ಮತ್ತೆ ಮೇಲ್ಮನವಿ ಏಕೆ ಎನ್ನುವ ಸಿಟ್ಟು ಸಹಜ. ಆದರೆ ಮಾತಿಗೆ ತಪ್ಪಿದನೇ ಇಲ್ಲವೇ ಎಂಬುದೇ ಮೊದಲು ತೀರ್ಮಾನವಾಗಬೇಕಾದ ವಿಷಯ. ಕೂಲಿ ಹುಡುಕಿ ಗುಳೆ ಹೋಗಿ ಅಧಿಕಾರಿಯ ಮುಂದೆ ಹಾಜರಾಗದವನೂ, ಮತ್ತೆ ಕಳವು ಮಾಡಿದವನೂ ಒಂದೇ ಅಲ್ಲ. ಮೊದಲನೆಯವನಿಗೆ ದಂಡ ಸಾಲದೇ, ಜೈಲೇ ಬೇಕೇ, ಬೇಕಾದರೆ ಎಷ್ಟು ತಿಂಗಳು ಎಂಬುದನ್ನು ಇನ್ನೊಬ್ಬ ನ್ಯಾಯಾಧೀಶರು ತೂಗಿ ನೋಡಿದರೆ ಕಾನೂನಿನ ಬಿಗಿ ಸಡಿಲವಾಗುವುದಿಲ್ಲ. ಈ ಮೇಲ್ಮನವಿಯ ಹಕ್ಕಿಗೆ ದೂರವೂ ಅಡ್ಡವಾಗಿತ್ತು. ಸೆಷನ್ಸಿನಲ್ಲಿ ಸೋತ ಧಾರವಾಡದ ಕಡೆಯವರು ಹೈಕೋರ್ಟಿಗಾಗಿ ನಾಲ್ಕುನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನಲ್ಲಿ ವಕೀಲರನ್ನು ಹಿಡಿಯಬೇಕಿತ್ತು. ವಕೀಲರೂ ಜನರೂ ವರ್ಷಗಟ್ಟಲೆ ಹೋರಾಡಿದ ಮೇಲೆ 2008ರ ಜುಲೈಯಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂತು; 2013ರ ಆಗಸ್ಟ್‌ನಲ್ಲಿ ಅದು ಕಾಯಂ ಆಯಿತು.