ಮರ್ಕ್ಯಾಪ್ಟೊಪ್ಯೂರಿನ್

ಮರ್ಕ್ಯಾಪ್ಟೊಪ್ಯೂರಿನ್ (6-ಎಂಪಿ) ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಾಯಿಯ ಮೂಲಕ ಸೇವಿಸುವ ಕಿಮೋಥೆರಪಿ ಔಷಧವಾಗಿದೆ. ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ನಿರ್ವಹಣಾ ಹಂತದಲ್ಲಿ ಇದೇ ಮುಖ್ಯ ಔಷಧ. ಈ ಹಂತದಲ್ಲಿ ಮಾತ್ರೆಯನ್ನು ಮನೆಯಲ್ಲಿಯೇ ಪ್ರತಿದಿನ ಕೊಡಬೇಕಾಗುವುದರಿಂದ, ಚಿಕಿತ್ಸೆಯ ಫಲವು ಬಹುಮಟ್ಟಿಗೆ ಕುಟುಂಬದವರ ಎಚ್ಚರವನ್ನು ಅವಲಂಬಿಸಿದೆ.

ಇತಿಹಾಸ

1948ರಲ್ಲಿ ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವರು ಅಮಿನಾಪ್ಟೆರಿನ್ ಎಂಬ ಔಷಧದಿಂದ ಲ್ಯುಕೇಮಿಯಾ ಪೀಡಿತ ಮಕ್ಕಳಲ್ಲಿ ತಾತ್ಕಾಲಿಕ ಉಪಶಮನ ಕಂಡುಬಂದುದನ್ನು ಪ್ರಕಟಿಸಿದರು. ಆ ಔಷಧವನ್ನು ಒದಗಿಸಿದ್ದು ಆಂಧ್ರ ಮೂಲದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಅನಂತರ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಮರ್ಕ್ಯಾಪ್ಟೊಪ್ಯೂರಿನ್ ಅನ್ನು ರೂಪಿಸಿದರು. 1953ರಲ್ಲಿ ಅಮೆರಿಕದಲ್ಲಿ ಇದರ ಬಳಕೆಗೆ ಅನುಮತಿ ದೊರೆಯಿತು. ಇವರಿಬ್ಬರು ಜೇಮ್ಸ್ ಬ್ಲ್ಯಾಕ್ ಅವರೊಂದಿಗೆ 1988ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಕಾರ್ಯವಿಧಾನ

ಜೀವಕೋಶಗಳು ವಿಭಜನೆಗೊಳ್ಳುವಾಗ ಡಿಎನ್‌ಎ ರಚನೆಗೆ ಪ್ಯೂರಿನ್‌ಗಳು ಬೇಕಾಗುತ್ತವೆ. ಪ್ಯೂರಿನ್ ಅನ್ನೇ ಹೋಲುವ ಈ ಔಷಧವು ಕೋಶದೊಳಗೆ ಮಾರ್ಪಾಡುಹೊಂದಿ ಡಿಎನ್‌ಎಯಲ್ಲಿ ಸೇರಿಕೊಂಡು ವಿಭಜನೆಯನ್ನು ತಡೆಯುತ್ತದೆ. ಅಸ್ಥಿಮಜ್ಜೆಯ ಆರೋಗ್ಯಕರ ಕೋಶಗಳಿಗೂ ಇದರಿಂದ ಹಾನಿಯಾಗುವುದರಿಂದ ರಕ್ತಕಣಗಳ ಸಂಖ್ಯೆ ಕುಸಿಯಬಹುದು. ಟಿಪಿಎಂಟಿ ಅಥವಾ ಎನ್‌ಯುಡಿಟಿ15 ವಂಶವಾಹಿಯಲ್ಲಿ ವ್ಯತ್ಯಾಸವಿರುವವರಲ್ಲಿ ಸಾಮಾನ್ಯ ಪ್ರಮಾಣವೂ ಅಪಾಯಕಾರಿಯಾಗಬಲ್ಲದು. ಎನ್‌ಯುಡಿಟಿ15 ವ್ಯತ್ಯಾಸವು ಯುರೋಪಿನವರಿಗಿಂತ ಪೂರ್ವ ಮತ್ತು ದಕ್ಷಿಣ ಏಷ್ಯಾದ ಜನರಲ್ಲಿ ಹೆಚ್ಚು.

ಸೇವನೆಯ ಕ್ರಮ

ಪ್ರಮಾಣವನ್ನು ವೈದ್ಯರು ರೋಗಿಯ ಎತ್ತರ ಮತ್ತು ತೂಕದಿಂದ ಲೆಕ್ಕಹಾಕಿ, ರಕ್ತಪರೀಕ್ಷೆಯ ಫಲಿತಾಂಶಕ್ಕೆ ತಕ್ಕಂತೆ ಏರಿಸುತ್ತಾರೆ ಅಥವಾ ಇಳಿಸುತ್ತಾರೆ. ಮಾತ್ರೆ ಸಾಮಾನ್ಯವಾಗಿ 50 ಮಿ.ಗ್ರಾಂ.ನದು. ಆದುದರಿಂದ ಕೆಲವು ದಿನ ಒಂದು, ಕೆಲವು ದಿನ ಅರ್ಧ ಮಾತ್ರೆ ಎಂದು ವಾರದ ಪಟ್ಟಿ ಬರೆದುಕೊಡುವುದುಂಟು. ಹೆಸರಿನಲ್ಲಿರುವ ‘6’ ರಾಸಾಯನಿಕ ರಚನೆಯನ್ನು ಸೂಚಿಸುತ್ತದೆಯೇ ಹೊರತು ಮಾತ್ರೆಗಳ ಸಂಖ್ಯೆಯನ್ನಲ್ಲ.

ಪ್ರತಿದಿನ ಒಂದೇ ವೇಳೆಗೆ, ಸಾಮಾನ್ಯವಾಗಿ ಸಂಜೆ ಅಥವಾ ರಾತ್ರಿ, ಮಾತ್ರೆ ಸೇವಿಸುವುದು ರೂಢಿ. ಹಾಲಿನೊಂದಿಗೆ ಕೊಡಬಾರದೆಂಬ ಸಲಹೆ ಹಿಂದೆ ಪ್ರಚಲಿತವಾಗಿತ್ತು. ಈಗ ಅದಕ್ಕಿಂತಲೂ ಒಂದು ದಿನವೂ ತಪ್ಪದಂತೆ ಕೊಡುವುದಕ್ಕೆ ಹೆಚ್ಚಿನ ಮಹತ್ವವಿದೆ. ಒಮ್ಮೆ ಮರೆತರೆ ಮರುದಿನ ಎರಡು ಪಟ್ಟು ಕೊಡಬಾರದು. ವಾಂತಿಯಾದರೆ ಮತ್ತೆ ಕೊಡುವ ಮುನ್ನ ವೈದ್ಯರನ್ನು ಕೇಳಬೇಕು.

ಈ ಹಂತದಲ್ಲಿ ಮಗು ಆರೋಗ್ಯವಾಗಿಯೇ ಕಾಣುತ್ತದೆ, ಶಾಲೆಗೂ ಹೋಗುತ್ತದೆ. ರೋಗ ಗುಣವಾಯಿತೆಂದು ಭಾವಿಸಿ ಮಾತ್ರೆ ನಿಲ್ಲಿಸುವ ಅಪಾಯವಿರುವುದು ಇಲ್ಲಿಯೇ. ಮಾತ್ರೆಗಳನ್ನು ಪದೇ ಪದೇ ತಪ್ಪಿಸಿದವರಲ್ಲಿ ರೋಗ ಮರುಕಳಿಸುವ ಸಾಧ್ಯತೆ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ.

ಇತರ ಔಷಧಗಳು

ಇದರ ಜೊತೆಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ಅದನ್ನು ತಪ್ಪಿ ದಿನವೂ ಸೇವಿಸಿದರೆ ಪ್ರಾಣಾಪಾಯವಾಗಬಹುದು. ಆದುದರಿಂದ ಎರಡನ್ನೂ ಬೇರೆ ಬೇರೆ ಡಬ್ಬಿಗಳಲ್ಲಿಟ್ಟು, ವಾರದ ಮಾತ್ರೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳುವುದು ಒಳಿತು. ಯೂರಿಕ್ ಆಮ್ಲ ತಗ್ಗಿಸುವ ಅಲೊಪ್ಯುರಿನಾಲ್ ಈ ಔಷಧದ ಪ್ರಭಾವವನ್ನು ಬಹಳ ಹೆಚ್ಚಿಸುತ್ತದೆ. ನಾಟಿ ಔಷಧಿ ಸೇರಿದಂತೆ ಬೇರಾವ ಔಷಧವನ್ನೂ ವೈದ್ಯರಿಗೆ ತಿಳಿಸದೆ ಕೊಡಬಾರದು. ಪೋಲಿಯೊ ಹನಿಯಂತಹ ಸಜೀವ ಲಸಿಕೆಗಳಿಗೂ ವೈದ್ಯರ ಒಪ್ಪಿಗೆ ಬೇಕು.

ಅಡ್ಡಪರಿಣಾಮಗಳು

ಸೋಂಕು, ರಕ್ತಹೀನತೆ, ರಕ್ತಸ್ರಾವ, ವಾಕರಿಕೆ, ಬಾಯಿಹುಣ್ಣು ಮತ್ತು ಯಕೃತ್ತಿನ ತೊಂದರೆ ಮುಖ್ಯವಾದವು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದನ್ನು ತುರ್ತುಸ್ಥಿತಿಯೆಂದೇ ಪರಿಗಣಿಸಬೇಕು. ಜ್ವರದ ಮಾತ್ರೆ ಕೊಟ್ಟು ಬೆಳಗಾಗುವವರೆಗೆ ಕಾಯುವುದು ಸಲ್ಲದು. ಕಣ್ಣು ಹಳದಿಯಾಗುವುದು, ಮೂಗಿನಲ್ಲಿ ರಕ್ತ, ಚರ್ಮದ ಮೇಲೆ ಕೆಂಪು ಚುಕ್ಕೆಗಳು ಕಂಡಾಗಲೂ ಕೂಡಲೇ ಆಸ್ಪತ್ರೆಗೆ ತೋರಿಸಬೇಕು.

ಮನೆಯಲ್ಲಿ ನಿರ್ವಹಣೆ

ಮಾತ್ರೆಯನ್ನು ಕೈಗವಸು ಧರಿಸಿ ಮುಟ್ಟಬೇಕು, ಗರ್ಭಿಣಿಯರು ಮುಟ್ಟಬಾರದು. ವೈದ್ಯರು ಹೇಳದ ಹೊರತು ಪುಡಿ ಮಾಡಬಾರದು. ರೋಗಿಯ ವಾಂತಿ, ಮೂತ್ರಗಳನ್ನು ಶುಚಿಗೊಳಿಸುವಾಗಲೂ ಕೈಗವಸು ಅಗತ್ಯ. ಉಳಿದ ಮಾತ್ರೆಗಳನ್ನು ಒಲೆಗೆ ಅಥವಾ ಚರಂಡಿಗೆ ಹಾಕದೆ ಆಸ್ಪತ್ರೆಗೆ ಹಿಂದಿರುಗಿಸಬೇಕು.

ಕರ್ನಾಟಕದಲ್ಲಿ

ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1973ರಲ್ಲಿ ಸ್ಥಾಪನೆಯಾಯಿತು. ಹಿರಿಯೂರಿನಿಂದ ಬೆಂಗಳೂರಿಗೆ ಸುಮಾರು 160 ಕಿ.ಮೀ. ದೂರವಿದೆ. ಚಿತ್ರದುರ್ಗ ಜಿಲ್ಲೆಯ ಹರಿಯಬ್ಬೆಯಂತಹ ಹಳ್ಳಿಗಳ ಕುಟುಂಬಗಳಿಗೆ ಪ್ರತಿ ತಪಾಸಣೆಯೂ ಒಂದು ದಿನದ ಕೂಲಿ ಮತ್ತು ಪ್ರಯಾಣದ ಖರ್ಚನ್ನು ಬೇಡುತ್ತದೆ. ಆದುದರಿಂದ ಮುಂದಿನ ಭೇಟಿಯವರೆಗೆ ಸಾಲುವಷ್ಟು ಮಾತ್ರೆ, ಪ್ರಮಾಣದ ಪಟ್ಟಿ ಮತ್ತು ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಪಡೆದೇ ಊರಿಗೆ ಮರಳಬೇಕು. ನಡುವೆ ಬೇಕಾದ ರಕ್ತಪರೀಕ್ಷೆಯನ್ನು ಹತ್ತಿರದಲ್ಲಿಯೇ ಮಾಡಿಸಬಹುದೇ ಎಂಬುದನ್ನೂ ಮೊದಲೇ ಕೇಳಿ ತಿಳಿದುಕೊಳ್ಳುವುದು ಉಪಯುಕ್ತ. ಜ್ವರ ಬಂದಾಗ ಸಮೀಪದ ಆಸ್ಪತ್ರೆಯ ವೈದ್ಯರಿಗೆ ಮಗು ಈ ಔಷಧ ಸೇವಿಸುತ್ತಿರುವ ವಿಷಯವನ್ನು ಮೊದಲು ತಿಳಿಸಬೇಕು.